ತಟ್ಟೆಯ ಹಿಂಬದಿ

ಅಪ್ಪಾ,

ಕೂತಲ್ಲಿ ಕೂರಕ್ಕಾಗ್ತಿಲ್ಲ, ಅದಕ್ಕೇ ಬರೀತಿದ್ದೀನಿ. ನೀನು ಓದಲ್ಲ ಅಂತ ಗೊತ್ತು.

ಆ ಹಳೇ ವಿಶ್ವ ವಸ್ತುಪ್ರದರ್ಶನದ ಗೇಟಲ್ಲಿ ಟಿಕೆಟ್ ಹರೀತಾ ನೀನು ಕೂಡಿಟ್ಟಿದ್ದ ಪದಕ, ಬೀಸಣಿಗೆ, ಗೋಪುರದ ಚಿತ್ರದ ತಟ್ಟೆ, ಎಲ್ಲವನ್ನೂ ನೀನು ತೀರಿಕೊಂಡ ತಿಂಗಳೊಳಗೇ ನಾನೇ ನಮ್ಮ ಮ್ಯೂಸಿಯಂಗೆ ಕೊಟ್ಟುಬಿಟ್ಟೆ. ಮನೇಲಿಟ್ಕೊಂಡು ಏನು ಮಾಡೋದು ಅಂತ.

ಇವತ್ತು ಆ ತಟ್ಟೆ ಶುಚಿ ಮಾಡೋಕೆ ನನ್ನ ಮೇಜಿಗೇ ಬಂತು. ಒರೆಸೋ ಮುಂಚೆ ಹಿಂಬದಿಯ ಫೋಟೋ ತೆಗೀಬೇಕು ಅನ್ನೋದು ನಮ್ಮಲ್ಲಿ ನಿಯಮ. ಹೊಸಬರಿಗೆ ಅದನ್ನ ಕಲಿಸೋಳೂ ನಾನೇ. ನಮ್ಮನೇದು ತಾನೇ, ನಂಗೆ ಗೊತ್ತಿಲ್ಲದ್ದೇನಿದೆ ಅಂತ ಸೀದಾ ಒದ್ದೆ ಹತ್ತಿ ಆಡಿಸಿದೆ. ಹತ್ತಿ ಬೂದು ಬಣ್ಣಕ್ಕೆ ತಿರುಗಿತು.

ಫೋಟೋಗ್ರಾಫರ್ ಬಗ್ಗಿ ನೋಡಿ, "ಅಯ್ಯೋ ಮೇಡಂ, ಅದು ಕೊಳೆ ಅಲ್ಲ, ಪೆನ್ಸಿಲ್ಲು!" ಅಂದ.

ನಿನ್ನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ. ಉಳಿದಿರೋದು ಮೂರೇ ಪದ: 'ಚಿಕ್ಕವಳು ಮನೆಗೆ ಬಂದಾಗ'. ಚಿಕ್ಕವಳು ಅಂದ್ರೆ ನಾನೇ. ಮುಂದಿನ ಎರಡು ಸಾಲು ಹತ್ತಿಗೆ ಹೋಯ್ತು. ಆ ಹತ್ತೀನ ಎಸೆಯೋಕೆ ಮನಸ್ಸು ಬರಲಿಲ್ಲ, ಕೋಟಿನ ಜೇಬಲ್ಲಿದೆ. ಆಗಿನಿಂದ ಹತ್ತು ಸಲ ಮುಟ್ಟಿ ನೋಡ್ಕೊಂಡೆ.

ಬಂದಾಗ ಏನಪ್ಪಾ? ಕೊಡಬೇಕು ಅಂತಿದ್ಯಾ, ಏನಾದ್ರೂ ಹೇಳಬೇಕು ಅಂತಿದ್ಯಾ? ಬರ್ತೀನಿ ಬರ್ತೀನಿ ಅಂತ ಫೋನಲ್ಲಿ ಹೇಳ್ತಾನೇ ಇದ್ದೆನಲ್ಲ.