ರೈತರ ಮನಸ್ಸಿನ ಅಧ್ಯಯನ ನನ್ನಿಂದಾಗದು

ಹವಾಮಾನ ನಿಧಿ ಕಚೇರಿಯ ಮಾನ್ಯ ನಿರ್ದೇಶಕರೇ,

ನಮ್ಮ ಮಲಾವಿಯ ಫಲೊಂಬೆ ಜಿಲ್ಲೆಯ ರೈತರು ಬದಲಾವಣೆಗೆ ಒಗ್ಗದವರು ಎಂದು ನಿಮ್ಮ ಈ ಸಾಲಿನ ವರದಿ ಹೇಳುತ್ತದೆ. ಅದಕ್ಕೆ ಅವರ ‘ಮನೋಭಾವ’ವೇ ಕಾರಣವಂತೆ, ಆ ಮನೋಭಾವದ ಅಧ್ಯಯನವನ್ನು ನಾನೇ ನಡೆಸಿಕೊಡಬೇಕಂತೆ. ಮೂರು ದಶಕ ಕೃಷಿ ಅರ್ಥಶಾಸ್ತ್ರದಲ್ಲಿ ಸವೆದು ನಿವೃತ್ತಿಯ ಅಂಚಿನಲ್ಲಿ ನಿಂತವಳಿಗೆ ಎಂಥ ಗೌರವ! ಆದರೆ ಆ ಮನಸ್ಸುಗಳಲ್ಲಿ ಒಂದನ್ನು ನಾನು ಚೆನ್ನಾಗಿ ಬಲ್ಲೆ. ಅದಕ್ಕೇನೂ ಆಗಿಲ್ಲ.

ಮಳೆ ಪದೇ ಪದೇ ಕೈಕೊಡುವ ಆ ಸೀಮೆಗೆ ಮೆಕ್ಕೆಜೋಳಕ್ಕಿಂತ ತೊಗರಿಯೇ ಮೇಲು ಎಂದು ಲೆಕ್ಕ ಹಾಕಿ ಹೇಳಿದವಳು ನಾನು. ಬೀಜ ಹಂಚಿದ್ದು ನಿಮ್ಮ ನಿಧಿ. ಎಸ್ನಾತಿ ಮುಲಾವಾ ಎಂಬ ಹೆಣ್ಣುಮಗಳು ನಮ್ಮಿಬ್ಬರನ್ನೂ ನಂಬಿ ಇಡೀ ಹೊಲಕ್ಕೆ ತೊಗರಿ ಹಾಕಿದಳು. “ನಮ್ಮನೆಯವ್ರಿಗೆ ಮೆಕ್ಕೆಜೋಳದ ಮುದ್ದೆ ಇಲ್ದೆ ಊಟ ಇಳಿಯಲ್ಲ ಡಾಕ್ಟರಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವ್ರನ್ನ ನಿಮ್ಮನೇಗೇ ಕಳಿಸಿಬಿಡ್ತೀನಿ ನೋಡಿ” ಎಂದು ನಕ್ಕಿದ್ದಳು.

ಬೆಳೆ ಭರ್ಜರಿಯಾಗಿಯೇ ಬಂತು. ಆದರೆ ನಮ್ಮ ತೊಗರಿಯನ್ನು ಕೊಳ್ಳುವವರು ಸಮುದ್ರದಾಚೆಯವರು. ಅವರು ತಮ್ಮ ರೈತರನ್ನು ಕಾಯಲು ಆಮದಿಗೆ ಬಾಗಿಲು ಹಾಕುವ ಸುಳಿವು ಸಿಕ್ಕ ಕೂಡಲೇ ನಾನು ನಿಮ್ಮಲ್ಲಿಗೆ ಓಡಿ ಬಂದೆ. “ವ್ಯಾಪಾರ ನಮ್ಮ ವಿಷಯ ಅಲ್ಲ, ಕೆಳಗಿನ ಮಹಡಿಗೆ ಹೋಗಿ” ಎಂದಿರಿ. ಕೆಳಗಿನವರು, “ಇದು ಹವಾಮಾನ ಯೋಜನೆಯ ಬೆಳೆ ಅಲ್ವಾ? ಮೇಲೇ ಕೇಳಿ” ಎಂದರು. ನನ್ನ ವೃತ್ತಿಜೀವನದ ಬಹುಪಾಲು ಆ ಮೆಟ್ಟಿಲುಗಳ ಮೇಲೆಯೇ ಕಳೆದಿದೆ. ಬೇಕಿದ್ದರೆ ನನ್ನ ಮೊಣಕಾಲುಗಳನ್ನು ಕೇಳಿ.

ಆಮದಿನ ಬಾಗಿಲು ಮುಚ್ಚಿಯೇಬಿಟ್ಟಿತು. ಎಸ್ನಾತಿಯ ಅಂಗಳಕ್ಕೆ ಬಂದ ವ್ಯಾಪಾರಿ, “ಖಾಲಿ ಚೀಲ ಇದ್ರೆ ಕೊಡಕ್ಕ, ತಗೋತೀನಿ. ತುಂಬಿದ್ದು ಬೇಡ” ಎಂದು ಹೋದ. ಹೊಸ ಮಳೆ ಬರುವವರೆಗೂ ಆ ಮನೆಯವರು ಮೂರು ಹೊತ್ತೂ ತೊಗರಿಯನ್ನೇ ಬೇಯಿಸಿ ತಿಂದರು. ದೊಡ್ಡ ಮಗಳು ಫ್ರೀದಾ ಶಾಲೆ ಬಿಟ್ಟು ಬ್ಲಾಂಟೈರ್ ನಗರದಲ್ಲಿ ಯಾರದೋ ಮನೆಗೆಲಸಕ್ಕೆ ಸೇರಿದಳು.

ಮರುವರ್ಷ ಎಸ್ನಾತಿ ಬರೀ ಮೆಕ್ಕೆಜೋಳ ಬಿತ್ತಿದಳು. ನಡುವೆ ಮಳೆ ನಿಂತು ಅದೂ ಒಣಗಿತು. ಆಗ ನಿಮ್ಮ ಅಧಿಕಾರಿ ಜೀಪಿನಲ್ಲಿ ಬಂದರು, ನಾನೂ ಜೊತೆಗಿದ್ದೆ.

“ಏನಮ್ಮಾ, ತೊಗರಿ ಯಾಕೆ ಕೈಬಿಟ್ಟೆ? ಬರ ಬಂದ್ರೂ ಬದುಕ್ತಿತ್ತಲ್ಲ?”

“ಅದು ಬದುಕ್ತಿತ್ತು ಸ್ವಾಮಿ. ನಾವು ಬದುಕ್ತಿರ್ಲಿಲ್ಲ.”

ಅವರು ನನ್ನತ್ತ ತಿರುಗಿ, ಇವರಿಗೆ ಹಳೆಯದನ್ನು ಬಿಡುವ ಮನಸ್ಸೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. “ಏನಂತೆ?” ಎಂದು ಎಸ್ನಾತಿ ಕೇಳಿದಳು. ಹೇಳಿದೆ. “ಚಹಾ ಕುಡ್ಕೊಂಡು ಹೋಗ್ಲಿ, ದೂರದಿಂದ ಬಂದಿದಾರೆ” ಎಂದು ಒಳಗೆ ಹೋದಳು. ವರದಿಯಲ್ಲಿ ಆ ಚಹಾದ ಪ್ರಸ್ತಾಪವಿಲ್ಲ.

ಈ ವರ್ಷ ನಿಮ್ಮ ಲಾರಿ ಎಳ್ಳಿನ ಬೀಜ ಹೊತ್ತು ಅದೇ ಊರಿಗೆ ಹೊರಟಿದೆಯಂತೆ. ಕೊಳ್ಳುವವರು ಯಾರು? ಅವರು ಹಿಂದೆ ಸರಿದರೆ ನಷ್ಟ ಯಾರದು? ಮೊದಲು ಇದಕ್ಕೆ ಲಿಖಿತ ಭರವಸೆ ಕೊಡಿ, ಅದನ್ನು ಊರವರ ಮುಂದೆ ಗಟ್ಟಿಯಾಗಿ ಓದಿ ಹೇಳಿ. ‘ಒಗ್ಗದವರು’ ಎಂಬ ಮಾತನ್ನು ವರದಿಯಿಂದ ತೆಗೆಯಿರಿ. ಇಷ್ಟೂ ಆಗದಿದ್ದರೆ ದಯವಿಟ್ಟು ಲಾರಿಯನ್ನು ನಿಲ್ಲಿಸಿ. ಎಸ್ನಾತಿಯ ಇನ್ನಿಬ್ಬರು ಮಕ್ಕಳು ಈಗಲೂ ಶಾಲೆಗೆ ಹೋಗುತ್ತಿದ್ದಾರೆ.

ಇಂತಿ,
ಇನ್ನು ಮುಂದೆ ತನ್ನ ಹಿತ್ತಲಿಗೆ ಮಾತ್ರ ಸಲಹೆ ಕೊಡಲಿರುವ
ಡಾ. ಚಿಕೊಂಡಿ ನಮಲೊಂಬ
ಜೊಂಬಾ, ಮಲಾವಿ