ಬಿಚ್ಚಬೇಕಾದ ಪಟ್ಟಿ

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಎರಡು ಶಾಲಾ ಬ್ಯಾಗು, ಒಂದು ಸ್ಕೂಟರ್ ಸೀಟು. ಸೂಜಿ ಎರಡು ಸಲ ಮುರಿಯಿತು. ರೆಕ್ಸಿನ್ನೋ ಕಬ್ಬಿಣವೋ!

ತಂಗಿ ಬಂದಳು. ಕೂರಲಿಲ್ಲ. ಅವಳು ಯಾವತ್ತು ಕೂತಿದ್ದಾಳೆ? ಮಣಿಕಟ್ಟಿಗೆ ಕಟ್ಟುವ ಎರಡು ಪಟ್ಟಿ ಮೇಜಿನ ಮೇಲೆ ಎಸೆದಳು. "ಅಕ್ಕಾ, ಮರಳು ಹೊಕ್ಕು ವೆಲ್ಕ್ರೋ ಹಿಡೀತಾನೇ ಇಲ್ಲ. ಬೇರೆ ಹಾಕಿಕೊಡು." ಭಾನುವಾರ ಬೀಚಿನಲ್ಲಿ ಪಟ ಹಾರಿಸುವ ಇವರದೆಲ್ಲ ಕೂಟವಂತೆ. ಕೋಣೆಯಷ್ಟು ದೊಡ್ಡ ಗಾಳಿಪಟ, ನಾಲ್ಕು ದಾರ, ಕೆಳಗೆ ಮೂರು ಚಕ್ರದ ಬಗ್ಗಿ. ಬ್ರೇಕಿಲ್ಲ, ಎಂಜಿನ್ನಿಲ್ಲ, ಪಟವೇ ಎಳೆಯುವುದು. ಕಾಲಲ್ಲಿ ತಿರುಗಿಸುವುದು. ಮೂವತ್ತೆರಡು ವರ್ಷದ ಹೆಂಗಸು!

ವೆಲ್ಕ್ರೋ ಬದಲಾಯಿಸಿದೆ. ಸಮಾಧಾನವಾಗಲಿಲ್ಲ. ಜೋರಾಗಿ ಎಳೆದರೆ ಚರ್ ಎಂದು ಬಿಟ್ಟುಕೊಳ್ಳುತ್ತದೆ. ನನ್ನ ಕೈಯಿಂದ ಹೋದದ್ದು ಯಾವತ್ತಾದರೂ ಬಿಟ್ಟುಕೊಂಡಿದೆಯೇ? ವೆಲ್ಕ್ರೋ ಮುಚ್ಚಿ ಅದರ ಮೇಲೇ ಚೌಕ ಹೊಲಿಗೆ, ನಡುವೆ ಅಡ್ಡಗೆರೆ, ಎರಡು ಸಲ ರಿವರ್ಸ್. ಕೈ ತೂರುವಷ್ಟು ಜಾಗ ಬಿಟ್ಟಿದ್ದೇನೆ. ಇನ್ನು ಆನೆ ಎಳೆದರೂ ಬಿಡುವುದಿಲ್ಲ.

ಫೆಬ್ರವರಿ 8, ಶನಿವಾರ

ಪಟ್ಟಿ ತೆಗೆದುಕೊಂಡು ಹೋದಳು. ನೋಡಲೂ ಇಲ್ಲ, ಜೇಬಿಗೆ ತುರುಕಿದಳು. ಚಹಾ ಕುಡಿಯುತ್ತ ಪಾಠ ಒಪ್ಪಿಸಿದಳು. ಹೆಲ್ಮೆಟ್ ಇಲ್ಲದೆ ದಾರ ಮುಟ್ಟುವಂತಿಲ್ಲ. ನೀರು ಇಳಿದು ಮರಳು ಗಟ್ಟಿಯಾದ ಮೇಲೇ ಇಳಿಯಬೇಕು. ಗಾಳಿ ಹೋಗುವ ಕಡೆ ಜನ, ನಾಯಿ, ಕಲ್ಲು, ಕರೆಂಟು ತಂತಿ ಇರಬಾರದು. "ನೋಡಿದ್ಯಾ? ನೀನು ರಸ್ತೆ ದಾಟೋದಕ್ಕಿಂತ ಸೇಫು."

ನಾಳೆ ನಾನೂ ಹೋಗಬೇಕಂತೆ.

ಫೆಬ್ರವರಿ 9, ಭಾನುವಾರ, ಸಂಜೆ 6

ಆಸ್ಪತ್ರೆ ಕಾರಿಡಾರು. ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ, ಆಮೇಲೆ ಅಂಟಿಸಬೇಕು. ಬದುಕಿದ್ದಾಳೆ. ಮಣಿಕಟ್ಟು ಮುರಿದಿದೆ, ಭುಜ ಜಾರಿದೆ, ಮೊಣಕೈ ತರಚಿದೆ. ಬದುಕಿದ್ದಾಳೆ.

ಇನ್ನೊಬ್ಬನ ಪಟ ಇವಳದಕ್ಕೆ ಸುತ್ತಿಕೊಂಡಿತು. ಹಿಡಿ ಬಿಟ್ಟಳು. ಬಿಟ್ಟರೆ ಪಟ ಬಟ್ಟೆಯ ಹಾಗೆ ಬಿದ್ದುಹೋಗುತ್ತದೆ, ಮಣಿಕಟ್ಟಿನ ಪಟ್ಟಿಗೆ ಕಟ್ಟಿದ ದಾರದಲ್ಲಿ ಸುಮ್ಮನೆ ನೇತಾಡುತ್ತದೆ ಎಂದಿದ್ದಳು. ಬೀಳಲಿಲ್ಲ. ಎರಡು ಪಟವೂ ಸೇರಿ ಎಳೆದವು. ಬಗ್ಗಿಯಿಂದ ಕಿತ್ತು ಕಲ್ಲುಗಳ ಕಡೆಗೆ... ಬಲಗೈ ಮುಂದೆ, ಮೈ ಹಿಂದೆ. ಎಡಗೈಯಲ್ಲಿ ಬಲಗೈ ಪಟ್ಟಿಯನ್ನು ಎಳೆಯುತ್ತಿದ್ದಳು, ಎಳೆಯುತ್ತಲೇ ಇದ್ದಳು. ಅವರ ಕೋಚ್ ಓಡಿ ಬಂದು ಕೊಕ್ಕೆ ಚಾಕುವಿನಿಂದ ದಾರ ಕತ್ತರಿಸಿದರು.

ಆಂಬುಲೆನ್ಸಿನಲ್ಲಿ ಅವರೇ ಹೇಳಿದರು, "ಪಟ್ಟಿ ಎಳೆದು ಬಿಚ್ಚಿ ಬಿಸಾಡಿದ್ರೆ ಮುಗೀತಿತ್ತು. ಅದಕ್ಕೇ ಅಲ್ವಾ ವೆಲ್ಕ್ರೋ ಇರೋದು? ಪಟ ಹೋದ್ರೆ ಹೋಯ್ತು, ಕೈ ಉಳಿಯುತ್ತೆ. ಯಾಕೆ ಬಿಚ್ಚಲಿಲ್ವೋ ಏನೋ..."

ಅದಕ್ಕೇ ವೆಲ್ಕ್ರೋ. ಬಿಚ್ಚಲೆಂದೇ.

ನರ್ಸು ಪಟ್ಟಿಯನ್ನು ಕತ್ತರಿಸಿ ತೆಗೆದು ನನ್ನ ಕೈಗಿಟ್ಟಳು. ನನ್ನ ಚೌಕ ಹೊಲಿಗೆಯ ಒಂದು ಎಳೆಯೂ ಕದಲಿರಲಿಲ್ಲ. ಬ್ಯಾಗಿನ ತಳಕ್ಕೆ ಹಾಕಿದೆ.

ಫೆಬ್ರವರಿ 10, ಸೋಮವಾರ

ಅಂಗಡಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಒಂದೇ ಜಿಪ್ಪನ್ನು ಮೂರು ಸಲ ತಲೆಕೆಳಗಾಗಿ ಹಾಕಿದೆ. ಗಿರಾಕಿ ನಕ್ಕ.

ಫೆಬ್ರವರಿ 13, ಗುರುವಾರ

ತಂಗಿ ಮನೆಗೆ ಬಂದಿದ್ದಾಳೆ. ಬಲಗೈಗೆ ಪ್ಲಾಸ್ಟರ್. ನೋಡಲು ಹೋದೆ. ಕೋಚ್ ಅಲ್ಲೇ ಇದ್ದರು, ಬೈಯುತ್ತಿದ್ದರು. "ಹಾಕ್ಕೊಳ್ಳೋ ಮುಂಚೆ ಒಂದ್ಸಲ ಎಳೆದು ಬಿಚ್ಚಿ ನೋಡು ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

ಅವಳು ಹೇಳಿದಳು, "ಅಕ್ಕ ಹೊಲಿದಿದ್ದಲ್ವಾ, ಅದಕ್ಕೇ ನೋಡ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬ್ಯಾಗನ್ನು ಎದೆಗವುಚಿಕೊಂಡೆ. ಕೋಚ್ ಕೇಳಿದರು, "ಆ ಪಟ್ಟಿ ಎಲ್ಲಿ ಹೋಯ್ತು?" "ಆಸ್ಪತ್ರೇಲೇ ಬಿಸಾಡಿರ್ಬೇಕು" ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು! ತಂಗಿ ನನ್ನನ್ನೇ ನೋಡುತ್ತಿದ್ದಳು. ನೋವಿರಬೇಕು ಅಂದುಕೊಂಡೆ.

ಫೆಬ್ರವರಿ 18, ಮಂಗಳವಾರ

ತಂಗಿ ಆಟೋದಲ್ಲಿ ಅಂಗಡಿಗೇ ಬಂದಳು. ಎಡಗೈಯಲ್ಲಿ ಒಂದು ಚೀಲ. ಒಳಗೆ ಮೂರು ಜೊತೆ ಪಟ್ಟಿ, ಅವಳ ಗೆಳೆಯರದ್ದು.

"ಎಲ್ಲರೂ ಕೇಳ್ತಿದಾರೆ ಅಕ್ಕಾ. ನನ್ನದಕ್ಕೆ ಹಾಕಿದ ಹೊಲಿಗೇನೇ ಹಾಕು. ಗುರುವಾರ ಬರ್ತೀನಿ."

ಹೋದಳು. ಚಹಾ ಬೇಡವೆಂದಳು.

ಬಾಯಲ್ಲಿ ಬಿಸಿ ತುಪ್ಪ. ಹಾಗೆ ಹೊಲಿಯುವುದಿಲ್ಲ ಎಂದರೆ ಏಕೆ ಎನ್ನುತ್ತಾಳೆ. ಏಕೆ ಎಂದರೆ... ಬರೀ ವೆಲ್ಕ್ರೋ ಬದಲಾಯಿಸಿ ಕೊಟ್ಟರೆ, ನನ್ನದಕ್ಕೆ ಹಾಕಿದ್ದು ಇದಲ್ಲವಲ್ಲ ಎನ್ನುತ್ತಾಳೆ. ಹೇಗೆ ತಿರುಗಿದರೂ ಅದೇ ಗೋಡೆ.

ಫೆಬ್ರವರಿ 19, ಬುಧವಾರ, ಮಧ್ಯಾಹ್ನ

ಇದನ್ನು ಬರೆಯಲೇಬೇಕು. ಒಂದು ಪಟ್ಟಿಯನ್ನು ಮೆಷಿನ್ನಿಗೆ ಕೊಟ್ಟೆ. ಸೂಜಿ ಇಳಿಸಿದೆ. ಇವರಿಗೆಲ್ಲ ಯಾವತ್ತೂ ಏನೂ ಆಗದೇ ಇರಬಹುದು ಎಂದುಕೊಂಡೆ. ಹಾಗೆಂದುಕೊಂಡೇ ನಾಲ್ಕು ಹೊಲಿಗೆ ಹಾಕಿದೆ. ನಾಲ್ಕು.

ಆಮೇಲೆ ಬ್ಲೇಡು ತೆಗೆದುಕೊಂಡು ಕಿತ್ತೆ. ಬೆರಳು ಕುಯ್ದುಕೊಂಡೆ. ನನ್ನ ಮೇಲೆ ನನಗೇ ಅಸಹ್ಯ.

ಫೆಬ್ರವರಿ 20, ಗುರುವಾರ

ಹೇಳಿದೆ.

ಬಂದಳು, ಸ್ಟೂಲಿನ ಮೇಲೆ ಕೂತಳು. ಕೂತಳು! ಬ್ಯಾಗಿನ ತಳದಿಂದ ಆ ಪಟ್ಟಿ ತೆಗೆದು ಅವಳ ಮಡಿಲಿಗಿಟ್ಟೆ. "ಇದು ಬಿಚ್ಚಲಿಲ್ಲ. ನಾನು ಹೊಲಿದುಬಿಟ್ಟಿದ್ದೆ. ಬಿಚ್ಚಬೇಕು ಅಂತ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ಆದ್ರೂ ಬಚ್ಚಿಟ್ಟೆ." ಅಳು ಬಂತು. ತಡೆಯಲಿಲ್ಲ.

ಅವಳು ಚೌಕ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದಳು.

"ಗೊತ್ತು ಅಕ್ಕಾ."

"ಯಾವಾಗಿಂದ?"

"ಎಳ್ಕೊಂಡು ಹೋಗ್ತಿದ್ದಾಗಿಂದ. ಬೆರಳಿಗೆ ಸಿಕ್ತು. ನಿನ್ನ ಹೊಲಿಗೆ ನಂಗೆ ಗೊತ್ತಾಗಲ್ವಾ? ಶಾಲೆಗೆ ಹೋಗುವಾಗ ನನ್ನ ಬ್ಯಾಗಿಗೆಲ್ಲ ನೀನು ಅದೇ ಹಾಕ್ತಿದ್ದೆ."

"ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಹನ್ನೊಂದು ದಿನ."

ಹೊರಗೆ ಯಾರೋ ಸ್ಕೂಟರ್ ಸೀಟು ಕೇಳಿದರು. ನಾಳೆ ಬನ್ನಿ ಎಂದೆ.

"ಮತ್ತೆ ಈ ಮೂರು ಜೊತೆ ಯಾಕೆ ತಂದೆ?"

"ನೀನು ಏನ್ಮಾಡ್ತೀಯ ನೋಡೋಣ ಅಂತ. ಬಿಚ್ಚಿ ನೋಡದೆ ಹಾಕ್ಕೋಬೇಡಿ ಅಂತ ಅವರಿಗೆಲ್ಲ ಹೇಳೇ ತಂದಿದ್ದೆ."

ಚೀಲ ಅವಳ ಮುಂದಿಟ್ಟೆ. ಎಡಗೈಯಲ್ಲೇ ಒಂದೊಂದಾಗಿ ತೆಗೆದು, ಹಲ್ಲಲ್ಲಿ ಕಚ್ಚಿ ಎಳೆದು ಬಿಚ್ಚಿ ನೋಡಿದಳು. ಚರ್. ಚರ್. ಆರನೆಯದರಲ್ಲಿ ನಿಂತಳು. ಬೆಳಕಿಗೆ ಹಿಡಿದಳು. ಕಿತ್ತ ಜಾಗದಲ್ಲಿ ಸೂಜಿಯ ತೂತು ಉಳಿದಿದ್ದವು, ನಾಲ್ಕು.

"ಅಕ್ಕಾ, ಇದೇನು?"

ನಾನು ಕುಯ್ದ ಬೆರಳು ತೋರಿಸಿ, ನಿನ್ನೆ ಹೊಲಿದದ್ದನ್ನೂ ಕಿತ್ತದ್ದನ್ನೂ ಹೇಳಿದೆ.