ಒಂಬತ್ತನೇ ಕಂಬ

3 ಆಗಸ್ಟ್ 2025, ಭಾನುವಾರ

ಹೆಸರಘಟ್ಟದಿಂದ ಬಂದು ಸ್ನಾನ, ತಿಂಡಿ. ಎಂಟನೇ ಭಾನುವಾರ. ಕ್ಲಬ್ಬಿನ ಪಿ.ಸಿ.ಪಿ. ಏರ್ ಗನ್ನಿನಲ್ಲಿ ನಲವತ್ತಕ್ಕೆ ಮೂವತ್ತೊಂದು. ಸೆಕ್ರೆಟರಿ ವಿಜಯಕುಮಾರ ನನ್ನ ಶೀಟನ್ನು ಎರಡು ಸಲ ಕೂಡಿ ನೋಡಿದ. ರಿಟೈರಾದ ಪಿ.ಟಿ. ಟೀಚರ್ ವಾಕಿಂಗ್ ಬದಲು ಇಲ್ಲಿಗೆ ಬರುತ್ತಾಳೆ ಅಂದುಕೊಂಡಿದ್ದ ಅಂತ ಕಾಣುತ್ತದೆ.

ಮಹೇಂದ್ರರಿಗೆ ಆಟ ಇನ್ನೂ ಅರ್ಥವಾಗಿಲ್ಲ. ಕಾಫಿ ಕುಡಿಯುತ್ತ ಮತ್ತೆ ಹೇಳಿದೆ. ಹುಲ್ಲಿನ ನಡುವೆ, ಮರದ ಬುಡದಲ್ಲಿ ತಗಡಿನ ಕಾಗೆ, ಇಲಿ, ಮೊಲ. ಎದೆಯಲ್ಲಿ ಸಣ್ಣ ತೂತು. ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಅದರೊಳಗೆ ಹೋದರೆ ಕಾಗೆ ಮಲಗುತ್ತದೆ, ಅಂಚಿಗೆ ಬಡಿದರೆ ಟಣ್ ಅಂದು ನಿಂತೇ ಇರುತ್ತದೆ. ಎಷ್ಟು ದೂರದಲ್ಲಿದೆ ಅಂತ ಯಾರೂ ಹೇಳುವ ಹಾಗಿಲ್ಲ. ಎಲ್ಲ ಕಣ್ಣಳತೆ. ಕೇಳಿಸಿಕೊಂಡು, ಮದುವೆಯಾಗಿ ಮೂವತ್ನಾಲ್ಕು ವರ್ಷ ಆಯಿತು, ನಿನ್ನ ಬೇರೆ ಆಟಗಳೇ ಅರ್ಥವಾಗಿಲ್ಲ, ಇದೇನು ಮಹಾ ಅಂದರು.

ಸೆಪ್ಟೆಂಬರ್ 28ಕ್ಕೆ ಕಾಂಪಿಟಿಷನ್. ಫಾರ್ಮ್ ಕೊಟ್ಟಿದ್ದಾನೆ. ನಾಲ್ಕು ಕ್ಲಾಸ್ — ಪಿ.ಸಿ.ಪಿ., ಸ್ಪ್ರಿಂಗ್, ಲೇಡೀಸ್, ವೆಟರನ್. ಒಂದಕ್ಕೆ ಮಾತ್ರ ಟಿಕ್. ಅದೇ ತಿಂಗಳ 15ರೊಳಗೆ ಕೊಡಬೇಕು.

"ವೆಟರನ್‌ಗೆ ಹಾಕಿ ಮೇಡಂ. 20ಕ್ಕೆ ನಿಮಗೆ ಅರವತ್ತು ತುಂಬುತ್ತಲ್ಲ. ಯಾವ ಗನ್ ಬೇಕಾದ್ರೂ ತರಬಹುದು. ಬರೋದೇ ಮೂರು ಜನ, ಕಪ್ ನಿಮ್ದೇ ಅಂದ್ಕೊಳ್ಳಿ," ಅಂದ.

ಮೈ ಉರಿಯಿತು. ಆದರೆ ಕಪ್ ಅಂದ ತಕ್ಷಣ ಕಿವಿ ನೆಟ್ಟಗಾಗಿದ್ದೂ ನಿಜ. ಮೂವತ್ತೆರಡು ವರ್ಷ ಸ್ಪೋರ್ಟ್ಸ್ ಡೇ ಮಾಡಿಸಿ, ಮಕ್ಕಳಿಗೆ ಕಪ್ ಒರೆಸಿ ಒರೆಸಿ ಕೊಟ್ಟಿದ್ದೇನೆ. ನಮ್ಮ ಷೋಕೇಸಿನಲ್ಲಿ ಗೊಂಬೆಗಳಿವೆ, ಗಾಜಿನ ಲೋಟಗಳಿವೆ. ನನ್ನ ಹೆಸರಿನ ಕಪ್ ಒಂದೂ ಇಲ್ಲ.

10 ಆಗಸ್ಟ್, ಭಾನುವಾರ

ಸುಮ್ಮನೆ ನೋಡೋಣ ಅಂತ ಇವತ್ತು ಕ್ಲಬ್ಬಿನ ಸ್ಪ್ರಿಂಗ್ ಗನ್ ಕೇಳಿದೆ. ಕೇಳಬಾರದಿತ್ತು.

ಪಿ.ಸಿ.ಪಿ.ಯಲ್ಲಿ ಗಾಳಿ ತುಂಬಿಟ್ಟಿರುತ್ತದೆ. ಒತ್ತಿದರೆ ಫುಸ್ ಅನ್ನುತ್ತದೆ, ಭುಜಕ್ಕೆ ಗೊತ್ತೇ ಆಗುವುದಿಲ್ಲ. ಸ್ಪ್ರಿಂಗ್ ಹಾಗಲ್ಲ. ಪ್ರತಿ ಸಲ ನಳಿಗೆ ಬಗ್ಗಿಸಬೇಕು. ಒತ್ತಿದಾಗ ಒಳಗಿನ ಸ್ಪ್ರಿಂಗ್ ಧಡ್ ಅಂದು ಇಡೀ ಗನ್ನು ಅದುರುತ್ತದೆ. ನಳಿಗೆ ಬಗ್ಗಿಸಿದ್ದೇ ತಡ, ಎಣ್ಣೆ ವಾಸನೆ ಬಂತು. ಎಣ್ಣೆ, ಕಬ್ಬಿಣ, ವಾಷರಿನ ಸುಟ್ಟ ತೊಗಲು… ಹಾಗೇ ಕೂತುಬಿಟ್ಟೆ. ವಿಜಯಕುಮಾರ ನೀರು ತಂದುಕೊಟ್ಟ, ಬಿ.ಪಿ. ಅಂದುಕೊಂಡ.

ಕೋಗಿಲಿನ ತೋಟ. ಅಪ್ಪನ ನೀಲಿ ದ್ರಾಕ್ಷಿ. ಕಲ್ಲು ಕಂಬ, ಮೇಲೆ ತಂತಿ, ತಂತಿಯ ತುಂಬ ಬಳ್ಳಿ. ಮಟಮಟ ಮಧ್ಯಾಹ್ನವೂ ಚಪ್ಪರದ ಕೆಳಗೆ ತಂಪು. ಹಣ್ಣು ಬಣ್ಣ ತಿರುಗಿತೋ ಇಲ್ಲವೋ ಗಿಣಿ, ಗೊರವಂಕ, ಪಿಕಳಾರ ಎಲ್ಲ ಹಾಜರ್. ಕಾವಲಿಗೆ ಅಣ್ಣ ನಾಗಭೂಷಣ, ನಾನು, ಒಂದು ಏರ್ ಗನ್. ಹಕ್ಕಿಗೆ ಹೊಡೆಯುವ ಹಾಗಿಲ್ಲ. ಕಂಬಕಂಬಕ್ಕೆ ಖಾಲಿ ಡಬ್ಬ ಕಟ್ಟಿರುತ್ತಿತ್ತು, ಡಬ್ಬಕ್ಕೆ ಹೊಡೆಯಬೇಕು. ಸದ್ದಿಗೆ ಹಕ್ಕಿ ಏಳಬೇಕು. ನೆಲದ ಮೇಲೆ ಕೂತು ಮೊಣಕಾಲಿನ ಮೇಲೆ ಮೊಣಕೈ ಊರುವುದು — ಈಗ ವಿಜಯಕುಮಾರ ಇಂಗ್ಲಿಷಿನಲ್ಲಿ ಕಲಿಸುವುದು ಅದನ್ನೇ.

"ಕಂಬ ಎಣಿಸು ಮಗ. ಕಂಬಕ್ಕೂ ಕಂಬಕ್ಕೂ ಅತ್ತಡಿ. ಎಣಿಸ್ದೆ ವಡೀಬ್ಯಾಡ," ಅನ್ನುತ್ತಿದ್ದ ಅಪ್ಪ.

ಇವತ್ತಿಗೂ ನಾನು ದೂರ ಅಳೆಯುವುದು ಹಾಗೆಯೇ. ಬಯಲಿನಲ್ಲಿ ಹತ್ತಡಿಗೊಂದು ಇಲ್ಲದ ಕಂಬ ನೆಟ್ಟು ಎಣಿಸುತ್ತೇನೆ. ಯಾರಿಗೂ ಹೇಳಿಲ್ಲ, ನಗುತ್ತಾರೆ.

ಸ್ಕೋರ್ ಹದಿನಾಲ್ಕು. ಮಾನ ಹೋಯಿತು. ಆದರೂ ಎಂಟು ವಾರದಲ್ಲಿ ಇಷ್ಟು ಖುಷಿ ಆಗಿದ್ದು ಇವತ್ತೇ.

23 ಆಗಸ್ಟ್, ಶನಿವಾರ

ತವರಿನಿಂದ ಗೌರಿ ಬಾಗಿನ ಬಂತು. ಎಂದಿನ ಹಾಗೆ ಅಣ್ಣನ ಡ್ರೈವರ್ ನಂದಕುಮಾರ್ ಕೈಯಲ್ಲಿ. ಸೀರೆ, ಬಳೆ, ಹಣ್ಣು. ಅಣ್ಣ ಈಗ ಬಿಲ್ಡರ್. ಕೋಗಿಲಿನಿಂದ ಸಹಕಾರನಗರಕ್ಕೆ ಅರ್ಧ ಗಂಟೆ. ಆದರೂ ನಾವು ಸಿಗುವುದು ಮದುವೆ, ಗೃಹಪ್ರವೇಶ, ತಿಥಿಗಳಲ್ಲಿ. ಜಗಳ ಆಡಿಲ್ಲ. ಆಡಿದ್ದರೆ ಎಂದೋ ಮುಗಿದಿರುತ್ತಿತ್ತು.

ತಲೆಗೆ ಏನು ಹೊಕ್ಕಿತೋ, ನಂದಕುಮಾರನಿಗೆ ಹೇಳಿ ಕಳಿಸಿದೆ: ಬಾಗಿನ ತಲುಪಿತು, ಮುಂದಿನ ಸಲ ಸೀರೆ ಬೇಡ, ಅಪ್ಪನ ಗನ್ ಇದ್ದರೆ ಅದನ್ನು ಕಳಿಸಲಿ. ಅವನು ನನ್ನ ಮುಖ ನೋಡಿದ. ಮಹೇಂದ್ರರೂ ನೋಡಿದರು.

26 ಆಗಸ್ಟ್, ಮಂಗಳವಾರ. ಗೌರಿ ಹಬ್ಬ

ಅಣ್ಣನೇ ಬಂದ!

ಪೂಜೆ ಮುಗಿಸಿ ಒಬ್ಬಟ್ಟು ಬೇಯಿಸುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ಅಪ್ಪನ ಕರಿ ಕಂಬಳಿಯ ಸುರುಳಿ. ಒಳಗೆ ಗನ್. ಹಿಡಿಯ ಮೇಲೆ ನಾನು ಮೊಳೆಯಲ್ಲಿ ಕೆತ್ತಿದ್ದ 'ವೇ' ಹಾಗೇ ಇದೆ. ತುಕ್ಕು ಒಂದು ಚುಕ್ಕೆಯೂ ಇಲ್ಲ.

"ಮುಂದಿನ್ ವರ್ಸದ್ವರ್ಗೂ ಯಾಕೆ ಕಾಯ್ಬೇಕು ಅಂತ ತಂದೆ," ಅಂದ.

ಮೂರು ಒಬ್ಬಟ್ಟು ತಿಂದ. ಯಾಕೆ ಬೇಕಿತ್ತು ಅಂತ ಕೇಳಲಿಲ್ಲ, ನಾನೇ ಹೇಳಿದೆ. ಸ್ಪ್ರಿಂಗ್ ಬದಲಾಯಿಸಬೇಕಾಗುತ್ತದೆ ಅಂತ ಯಶವಂತಪುರದ ರಿಪೇರಿಯವರ ನಂಬರ್ ಕೊಟ್ಟ. ಹೋಗುವಾಗ ಗನ್ನನ್ನು ಒಂದು ಸಲ ಕೈಗೆ ತೆಗೆದುಕೊಂಡು, ಭುಜಕ್ಕೆ ಏರಿಸದೆ ವಾಪಸು ಇಟ್ಟ. ಕೂದಲು ಪೂರ್ತಿ ಬಿಳಿಯಾಗಿದೆ, ನಾನು ಗಮನಿಸಿಯೇ ಇರಲಿಲ್ಲ.

30 ಆಗಸ್ಟ್, ಶನಿವಾರ

ಯಶವಂತಪುರ. ಅತಾವುಲ್ಲಾ ಸಾಹೇಬರದು ಹೊಲಿಗೆ ಮಷಿನ್ ಅಂಗಡಿ, ಏರ್ ಗನ್ ರಿಪೇರಿ ಹಿಂದಿನ ಕೋಣೆಯಲ್ಲಿ. ಗನ್ ನೋಡಿದ ಕೂಡಲೇ ಗುರುತು ಹಿಡಿದರು.

"ನಿಮ್ಮಣ್ಣ ಪ್ರತಿ ವರ್ಷ ತರ್ತಾರೆ ಮೇಡಂ. ಹೊಡೆಯೋದಿಲ್ಲವಂತೆ. ಎಣ್ಣೆ ಹಾಕಿಸ್ಕೊಂಡು, ಚಾ ಕುಡ್ಕೊಂಡು ಹೋಗ್ತಾರೆ."

ಹೊಡೆಯದ ಗನ್ನಿಗೆ ವರ್ಷಾವರ್ಷ ಎಣ್ಣೆ. ಬಸ್ಸಿನಲ್ಲಿ ಹೆಬ್ಬಾಳದವರೆಗೂ ಅದೇ ಯೋಚನೆ. ಗೆದ್ದು ತೆಗೆದುಕೊಂಡ ಗನ್ ಅಲ್ಲವೇ ಅದು?

7 ಸೆಪ್ಟೆಂಬರ್, ಭಾನುವಾರ

ಹೊಸ ಸ್ಪ್ರಿಂಗ್ ಹಾಕಿಸಿದ ಅಪ್ಪನ ಗನ್ನಿನಲ್ಲಿ ಹನ್ನೊಂದು. ವಿಜಯಕುಮಾರ ಮೆಲ್ಲಗೆ, ಅದನ್ನು ಗೋಡೆಗೆ ನೇತು ಹಾಕಿ ಮೇಡಂ, ಚೆನ್ನಾಗಿ ಕಾಣುತ್ತೆ ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿದೆ.

ಬರೆದೇಬಿಡುತ್ತೇನೆ. 1981. ನನಗೆ ಹದಿನಾರು ತುಂಬುತ್ತಿತ್ತು, ಅಣ್ಣನಿಗೆ ಇಪ್ಪತ್ತು. ನನಗೆ ಸೀತಾಳೆ ಸಿಡುಬು ಎದ್ದು ದೊಡ್ಡಬಳ್ಳಾಪುರದ ಅಜ್ಜಿ ಮನೆಯಲ್ಲಿ ಎರಡು ತಿಂಗಳು ಇದ್ದೆ. ವಾಪಸು ಬಂದ ವಾರವೇ ಗನ್ ಯಾರದು ಅಂತ ಜಗಳ ಶುರು. ಅಪ್ಪನಿಗೆ ರೇಗಿ, ಹೊಡೆದು ತೋರಿಸಿ, ಗೆದ್ದವರಿಗೆ ಗನ್ ಅಂದ. ಐದು ಡಬ್ಬ ನಾನು, ಐದು ಡಬ್ಬ ಅಣ್ಣ. ಕೊನೆಗೆ ಅಣ್ಣ ಹೋಗಿ ಹರಳೆಣ್ಣೆ ಡಬ್ಬದ ಮುಚ್ಚಳವನ್ನು ಕೆಳಗಿನ ಹೊಸ ಸಾಲಿನಲ್ಲಿ ಕಟ್ಟಿ ಬಂದ. ಎಣಿಸಿದೆ. ಒಂಬತ್ತನೇ ಕಂಬ, ತೊಂಬತ್ತಡಿ. ತೊಂಬತ್ತಡಿಯ ಲೆಕ್ಕಕ್ಕೆ ಗುರಿಯಿಟ್ಟು ಒತ್ತಿದೆ. ಪೆಲೆಟ್ ಮುಚ್ಚಳದ ಕೆಳಗೆ ಕಲ್ಲಿಗೆ ಬಡಿಯಿತು. ಅಣ್ಣ ಹೊಡೆದ, ಮುಚ್ಚಳ ಗಿರಗಿರ ತಿರುಗಿತು.

ನಾನು ಮತ್ತೆ ಗನ್ ಮುಟ್ಟಲಿಲ್ಲ. ತೋಟದ ಕಡೆಗೂ ಹೋಗಲಿಲ್ಲ. ಸೋತಿದ್ದಕ್ಕಲ್ಲ. ಎಣಿಕೆ ಸರಿಯಿದ್ದೂ ತಪ್ಪಿತಲ್ಲ, ಅದಕ್ಕೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಹೋಯಿತು.

10 ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಕೋಗಿಲಿಗೆ ಹೋಗಿದ್ದೆ. ಅಣ್ಣ ಸೈಟಿಗೆ ಹೋಗಿದ್ದ, ಮನೆಗೆ ಹೋಗಲಿಲ್ಲ. ತೋಟವಿದ್ದಲ್ಲಿ ಈಗ ಅಪಾರ್ಟ್‌ಮೆಂಟು, ಕೆಳಗೆ ಕಾರುಗಳು. ಆದರೆ ರಾಜಕಾಲುವೆ ಪಕ್ಕ ಬಫರ್ ಝೋನು, ಅಲ್ಲಿ ಕಟ್ಟುವ ಹಾಗಿಲ್ಲ. ಆ ಪಟ್ಟಿಯಲ್ಲಿ ಕೆಳಗಿನ ಸಾಲಿನ ಕಂಬಗಳು ಇನ್ನೂ ನಿಂತಿವೆ! ಹನ್ನೆರಡೋ ಹದಿಮೂರೋ. ಬಳ್ಳಿ ಇಲ್ಲ, ತಂತಿ ಇಲ್ಲ. ಒಂದಕ್ಕೆ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ.

ಅಪ್ಪಿಕೊಳ್ಳಬೇಕು ಅನ್ನಿಸಿತು. ಯಾರೂ ಇರಲಿಲ್ಲ, ಅಪ್ಪಿಕೊಂಡೆ.

ಆಮೇಲೆ ಅಭ್ಯಾಸಬಲ, ಹೆಜ್ಜೆ ಹಾಕಿದೆ. ಟ್ರ್ಯಾಕ್ ಅಳೆದ ಕಾಲು ನನ್ನದು, ಒಂದು ಹೆಜ್ಜೆಗೆ ಎರಡೂವರೆ ಅಡಿ. ಕಂಬದಿಂದ ಕಂಬಕ್ಕೆ ನಾಲ್ಕು ಹೆಜ್ಜೆ ಆಗಬೇಕು. ನಾಲ್ಕು ಮುಗಿದ ಮೇಲೂ ಕಂಬ ಸಿಗಲಿಲ್ಲ. ಮತ್ತೆ ಹಾಕಿದೆ. ರಸ್ತೆಯಲ್ಲಿ ಕಾಯುತ್ತಿದ್ದ ಆಟೋದವನ ಹತ್ತಿರ ಟೇಪ್ ಇರುತ್ತದೆಯೇ? ಇಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಂದೆ.

ಹನ್ನೆರಡಡಿ. ಪ್ರತಿಯೊಂದೂ ಹನ್ನೆರಡಡಿ.

ಔಷಧಿ ಹೊಡೆಯುವ ಗಾಡಿ ಒಳಗೆ ಬರಲಿ ಅಂತ ಹೊಸ ಸಾಲನ್ನು ಅಗಲ ಮಾಡಿರಬೇಕು. ನಾನು ಅಜ್ಜಿ ಮನೆಯಲ್ಲಿದ್ದ ಎರಡು ತಿಂಗಳಲ್ಲಿ. ಗುಂಡಿ ತೋಡಿದ್ದು ಅಣ್ಣ. ಮುಚ್ಚಳ ಕಟ್ಟಿದ್ದೂ ಅಣ್ಣ.

ಒಂಬತ್ತನೇ ಕಂಬ ಅಂದರೆ ನೂರೆಂಟಡಿ. ಪೆಲೆಟ್ ಕೆಳಗೆ ಹೋಗದೆ ಇನ್ನೇನಾಗುತ್ತದೆ.

ಕಂಬಕ್ಕೆ ಒರಗಿ ಅತ್ತೆ. ಸಿಟ್ಟೂ ಬಂತು, ಹಗುರವೂ ಆಯಿತು. ಎಣಿಕೆ ತಪ್ಪಿರಲಿಲ್ಲ.

11 ಸೆಪ್ಟೆಂಬರ್

ಮಹೇಂದ್ರರಿಗೆ ಹೇಳಿದೆ. ಫೋನ್ ಮಾಡಿ ಕೇಳಿಬಿಡು ಅಂದರು. ಕೇಳುವುದಿಲ್ಲ. ಕೇಳಿದರೆ ಕ್ಷಮಿಸು ಅನ್ನುತ್ತಾನೆ, ಮುಗಿಯಿತು. ಅವನಾಗಿಯೇ ಹೇಳಬೇಕು. ನನಗೆ ಬೇಕಿರುವುದು ಅದೊಂದೇ.

15 ಸೆಪ್ಟೆಂಬರ್, ಸೋಮವಾರ, ಬೆಳಿಗ್ಗೆ 11

ಫಾರ್ಮ್ ಎದುರಿಗಿದೆ. ವೆಟರನ್ನಿಗೆ ಟಿಕ್ ಹಾಕಿದರೆ ಕಪ್ ಬರುತ್ತದೆ, ಷೋಕೇಸಿನಲ್ಲಿ ಜಾಗವೂ ಇದೆ. ವಿಜಯಕುಮಾರನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಒಂದು ಗನ್ನಿನಲ್ಲಿ ಇಬ್ಬರು ಆಡಬಹುದಾ? ಸ್ಪ್ರಿಂಗ್ ಕ್ಲಾಸಿನಲ್ಲಿ ಮಾತ್ರ ಬಿಡುತ್ತಾರಂತೆ. ಇಬ್ಬರೂ ಜೊತೆಯಾಗಿ ಹೋಗಿ, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು.

ಅಣ್ಣನಿಗೆ ಫೋನ್. ಇಂಥ ಭಾನುವಾರ ಹೆಸರಘಟ್ಟ, ಅಪ್ಪನ ಗನ್, ನೀನೂ ನಾನೂ ಅಂದೆ.

"ಕೈ ನಡುಗ್ತದೆ ಕಣಮ್ಮ," ಅಂದ.

"ನನ್ ಮಂಡಿ ಬಗ್ಗಲ್ಲ. ಬಾ."

ಎರಡು ಫಾರ್ಮ್. ಎರಡಕ್ಕೂ ಸ್ಪ್ರಿಂಗ್. ಮೆಸೇಜ್ ನೋಡಿ ವಿಜಯಕುಮಾರ ಅಳುವ ಮುಖ ಕಳಿಸಿದ್ದಾನೆ.

20 ಸೆಪ್ಟೆಂಬರ್

ಅರವತ್ತು. ಮಹೇಂದ್ರ ಮಂಡಿಗೆ ಬೆಲ್ಟ್ ತಂದುಕೊಟ್ಟರು. ಮೂವತ್ನಾಲ್ಕು ವರ್ಷದಲ್ಲಿ ಕೆಲಸಕ್ಕೆ ಬರುವ ಮೊದಲ ಉಡುಗೊರೆ.

28 ಸೆಪ್ಟೆಂಬರ್, ಭಾನುವಾರ, ಸಂಜೆ 6

ಮೈಯೆಲ್ಲ ನೋವು. ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದ. ಸುತ್ತ ಎಲ್ಲರೂ ಕಪ್ಪು ಪ್ಯಾಂಟು, ಟೋಪಿ, ಗನ್ನಿನ ಮೇಲೆ ಒಂದೊಂದು ಕೈಯಷ್ಟು ಉದ್ದದ ದುರ್ಬೀನು. ನಮ್ಮದು ಕಂಬಳಿಯಲ್ಲಿ ಸುತ್ತಿದ ಗನ್. ಮೊದಲ ಮೊಲಕ್ಕೆ ಅಣ್ಣ ಮೊಣಕಾಲು ಊರಿ ಕೂತಾಗ ಪಂಚೆ ಸಿಕ್ಕಿಹಾಕಿಕೊಂಡು ಉರುಳಿದ. ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ಇಬ್ಬರಿಗೂ ಮೈ ಸಡಿಲವಾಯಿತು. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಪೆಲೆಟ್ ಡಬ್ಬಿ ಹಿಡಿಯುವುದು, ಅಂದಿನ ಹಾಗೆಯೇ. ತಗಡು ಬಿದ್ದರೆ ಖುಷಿಗೆ ನಾಲಿಗೆ ಲೊಚ್ ಅನ್ನಿಸುವುದು ಅವನ ಹಳೇ ಚಾಳಿ. ಅದನ್ನು ಕೇಳಿ ನನಗೆ ಚಪ್ಪರದ ಕೆಳಗಿನ ತಂಪು ಮೈಗೆ ಬಂತು.

ಕೊನೆಯ ಲೇನಿಗೆ, ಅಂದರೆ ಹೊಡೆಯುವ ಕೊನೆಯ ಜಾಗಕ್ಕೆ, ಬರುವಾಗ ಇಬ್ಬರದೂ ಹದಿನೆಂಟು. ತಗಡಿನ ಕಾಗೆ ದೂರದಲ್ಲಿ, ಬೇಲಿಯ ಪಕ್ಕ. ಬೇಲಿಗೆ ಕಲ್ಲು ಕಂಬ. ನಾನು ಮೊದಲು. ಕೂತೆ, ಎಣಿಸಿದೆ. ತುಟಿ ಅಲ್ಲಾಡಿರಬೇಕು. ಒಂಬತ್ತು.

ಬೆನ್ನ ಹಿಂದೆ ಅಣ್ಣ ಬಗ್ಗಿದ. ಉಸಿರು ಕಿವಿಗೆ ತಗುಲಿತು.

"ಅತ್ತಡಿ ಲೆಕ್ಕ ಆಕ್ಬೇಡ ವೇದಿ. ಅನ್ನೆರಡು. ಅವತ್ತೂ ಅನ್ನೆರಡೇ ಇತ್ತು. ನಾನ್ ಏಳ್ಲಿಲ್ಲ."

ಕಾಗೆ ಮಂಜಾಯಿತು. ಕಣ್ಣು ಒರೆಸಿಕೊಂಡೆ. ಗನ್ ಕೆಳಗಿಟ್ಟು ಕೈ ಎತ್ತಿದೆ. ವಿಜಯಕುಮಾರ ಓಡಿ ಬಂದ. ಅಣ್ಣ ದೂರ ಹೇಳಿಕೊಟ್ಟ, ರೂಲ್ ಪ್ರಕಾರ ಇಬ್ಬರಿಗೂ ಈ ಲೇನ್ ಸೊನ್ನೆ, ಹಾಕು ಅಂದೆ.

"ಬಿಡಿ ಮೇಡಂ, ಹೊಡೀರಿ. ನಾನೇನೂ ಕೇಳಿಸ್ಕೊಳ್ಳಲಿಲ್ಲ."

"ನಾನ್ ಕೇಳಿಸ್ಕೊಂಡೆನಲ್ಲಪ್ಪ," ಅಂದೆ.

ಸೊನ್ನೆ ಹಾಕಿದ. ಅಣ್ಣ ಹುಲ್ಲಿನ ಮೇಲೆ ಕೂತುಬಿಟ್ಟ. ಪಕ್ಕದಲ್ಲಿ ನಾನೂ ಕೂತೆ. ಓದಿನಲ್ಲಿ ನೀನು, ಓಟದಲ್ಲಿ ನೀನು, ನನಗೆ ಒಂದಾದರೂ ಬೇಕಿತ್ತು ಅಂದ. ಗನ್ ಸಿಕ್ಕ ಮೇಲೆ ಡಬ್ಬ ಎಣಿಸಲು ಜೊತೆಗೆ ಯಾರೂ ಇರಲಿಲ್ಲ, ಹೊಡೆಯುವುದೇ ಬೇಜಾರಾಯಿತು ಅಂದ. ಕಂಬ ಅಳೆದಿದ್ದನ್ನು ಹೇಳಿದೆ. ಟೇಪ್ ಕೊಂಡೆಯಾ ಅಂತ ಕೇಳಿ, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡ.

ಸ್ಪ್ರಿಂಗ್ ಕ್ಲಾಸಿನ ಹದಿನಾಲ್ಕು ಜನರಲ್ಲಿ ನಾವಿಬ್ಬರೂ ಹತ್ತನೆಯವರು. ವೆಟರನ್ ಕಪ್ ಇಪ್ಪತ್ತೆರಡಕ್ಕೆ ಹೋಯಿತು. ಬರೀ ಇಪ್ಪತ್ತೆರಡು! ಷೋಕೇಸಿನ ಖಾಲಿ ಜಾಗ ಕಣ್ಣ ಮುಂದೆ ಬಂತು, ಸುಳ್ಳು ಯಾಕೆ ಬರೆಯಲಿ. ಕಪ್ ಕೊಡುವಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅಣ್ಣ.

5 ಅಕ್ಟೋಬರ್, ಭಾನುವಾರ, ಬೆಳಿಗ್ಗೆ 7

ಕ್ಲಬ್ಬಿಗೆ ರಜ ಹೇಳಿದೆ. ಹರಳೆಣ್ಣೆ ಡಬ್ಬ ಈಗ ಎಲ್ಲಿ ಸಿಗುತ್ತದೆ, ಹಾರ್ಲಿಕ್ಸ್ ಮುಚ್ಚಳ ಇಟ್ಟುಕೊಂಡಿದ್ದೇನೆ. ದಾರವೂ ಇದೆ. ಕಾಲುವೆ ಪಕ್ಕದ ಕಂಬಗಳ ಹತ್ತಿರ ಅಣ್ಣ ನಿನ್ನೆಯೇ ಹೋಗಿ ಮುಳ್ಳು ಸವರಿ, ಬಟ್ಟೆಯ ಹಗ್ಗ ಬಿಚ್ಚಿಸಿ ಬಂದನಂತೆ.

ಗೇಟಿನಲ್ಲಿ ಹಾರ್ನ್. ಅವನೇ. ಐದು ನಿಮಿಷ ಮುಂಚೆ ಬಂದಿದ್ದಾನೆ, ಕಾಯಲಿ.

ಈ ಸಲ ಮುಚ್ಚಳ ಕಟ್ಟುವವಳು ನಾನು. ಎಷ್ಟನೇ ಕಂಬಕ್ಕೆ ಅಂತ ಅವನಿಗೆ ಹೇಳು— ಮತ್ತೆ ಹಾರ್ನ್, ಹೊರಟೆ.